ನಿಂತ ಜಾಗದ ಕೂಲಿ

ಎಪ್ಪತ್ತು ಲಕ್ಷ ಡಾಲರ್ ಸಂಬಳ ಸಾಲದೆಂದು ಮನೆಗೆ ಬಂದು ಕೂತಿದ್ದ ಮಗ ಬೆಳಗಿನ ತಿಂಡಿಗೆ ಒಂಬತ್ತು ಮೊಟ್ಟೆ ತಿನ್ನುತ್ತಿದ್ದ. ಲಕ್ಷಗಳ ಮಾತು ವರ್ಲೀನ್ ಗಿಲ್ಲೊರಿಯ ತಲೆಗೆ ಅಷ್ಟಾಗಿ ಹತ್ತುತ್ತಿರಲಿಲ್ಲ, ಮೊಟ್ಟೆಗಳ ಮಾತು ಚೆನ್ನಾಗಿ ಹತ್ತುತ್ತಿತ್ತು. ಡಾಂಟ್ರೆಲ್ ಬಂದು ಹನ್ನೆರಡು ದಿನವಾಗಿತ್ತು. ಪಕ್ಕದ ಮನೆಯವರು ತಮ್ಮ ಕೋಳಿಗಳ ಕೈಲಿ ಇನ್ನು ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ನಗರದಲ್ಲಿ ಅವನಿಗೆ ನದಿ ಕಾಣುವ ದೊಡ್ಡ ಮನೆ ಇತ್ತು. ಆದರೆ ಅವನ ವ್ಯವಹಾರ ನೋಡಿಕೊಳ್ಳುವ ಪ್ರುಯಿಟ್ ಎಂಬಾತ, ತೀರ್ಮಾನವಾಗುವ ತನಕ ಪತ್ರಿಕೆಯವರ ಕಣ್ಣಿಗೆ ಬೀಳಬೇಡ, ಅಮ್ಮನ ಮನೆಗೆ ಹೋಗಿರು ಎಂದಿದ್ದ. ಹಾಗಾಗಿ ಆರೂವರೆ ಅಡಿಯ ಮಗ ಕಬ್ಬಿನ ಗದ್ದೆಗಳ ನಡುವಿನ ಈ ಪುಟ್ಟ ಊರಿಗೆ ಬಂದು, ಹೈಸ್ಕೂಲಿನ ಕಾಲದ ತನ್ನ ಮಂಚದ ಮೇಲೆ ಮಲಗುತ್ತಿದ್ದ. ಕಾಲು ಹೊರಗೆ ಚಾಚುತ್ತಿತ್ತು. ವರ್ಲೀನ್ ಅದಕ್ಕೊಂದು ಸ್ಟೂಲು, ಸ್ಟೂಲಿನ ಮೇಲೊಂದು ದಿಂಬು ಹಾಕಿಕೊಟ್ಟಿದ್ದಳು.

ಡಾಂಟ್ರೆಲ್ ಅಮೆರಿಕನ್ ಫುಟ್ಬಾಲ್ ಆಟಗಾರ. ಜಗಳವಿದ್ದದ್ದು ಅವನು ಮೈದಾನದಲ್ಲಿ ಯಾವ ಜಾಗದವನು ಎಂಬುದರ ಬಗ್ಗೆ. ಕರಾರು ಮುಗಿದ ಆಟಗಾರರಲ್ಲಿ ಒಬ್ಬನನ್ನು ಬೇರೆ ಕಡೆ ಹೋಗದ ಹಾಗೆ ಒಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು ತಂಡಕ್ಕಿದೆ. ದನಕ್ಕೆ ಮುದ್ರೆ ಒತ್ತಿದ ಹಾಗೆ ಅವನ ಮೇಲೆ ಮುದ್ರೆ ಬೀಳುತ್ತದೆ. ಆ ವರ್ಷದ ಸಂಬಳ ಅವನ ಜಾಗದ ಮೇಲೆ ನಿಂತಿದೆ. ಸಾಲಿನ ತುದಿಯಲ್ಲಿ ಭುಜಕ್ಕೆ ಭುಜ ಕೊಟ್ಟು ನಿಂತು, ಎದುರಾಳಿಯನ್ನು ತಳ್ಳುತ್ತಾ, ಸಿಕ್ಕಾಗ ಚೆಂಡನ್ನೂ ಹಿಡಿಯುವವನು ಟೈಟ್ ಎಂಡ್, ಅವನಿಗೆ ಎಪ್ಪತ್ತು ಲಕ್ಷ. ದೂರದಲ್ಲಿ ಒಂಟಿಯಾಗಿ ನಿಂತು, ಓಡಿ ಚೆಂಡು ಹಿಡಿಯುವುದೇ ಕಸುಬಾದವನು ರಿಸೀವರ್, ಅವನಿಗೆ ಒಂದು ಕೋಟಿ ಇಪ್ಪತ್ತು ಲಕ್ಷ. ಡಾಂಟ್ರೆಲ್‌ನನ್ನು ತಂಡದವರು ಕಾಗದದಲ್ಲಿ ಮೊದಲನೆಯ ಜಾಗಕ್ಕೆ ಬರೆದು, ಮೈದಾನದಲ್ಲಿ ಎರಡನೆಯ ಜಾಗದಲ್ಲಿ ದುಡಿಸಿಕೊಂಡಿದ್ದರು. ಜೂನ್ ತಿಂಗಳ ಕೊನೆಗೆ ಪಂಚಾಯಿತಿ. ತೀರ್ಪುಗಾರರೊಬ್ಬರು ಎರಡೂ ಕಡೆಯವರನ್ನು ಕೇಳಿ ಹೇಳಬೇಕಿತ್ತು.

ಹೊರಗಿನ ಪಂಚಾಯಿತಿಗಿಂತ ಒಳಗಿನದು ದೊಡ್ಡದಾಗಿತ್ತು. ವರ್ಲೀನ್‌ಳ ಗಂಡ ಕ್ಲಿಯೋಫಸ್ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಚರ್ಚಿನಲ್ಲಿ ಹಿರಿಯ. ಇವೆರಡಕ್ಕಿಂತ ಹೆಚ್ಚಾಗಿ, ಇಪ್ಪತ್ತಾರು ವರ್ಷ ಊರಿನ ಹೈಸ್ಕೂಲು ಹುಡುಗರಿಗೆ ಪುಕ್ಕಟೆಯಾಗಿ ತಳ್ಳುವ ವಿದ್ಯೆ ಕಲಿಸಿದವನು. ಅವನ ಮಟ್ಟಿಗೆ ಚೆಂಡು ಹಿಡಿಯುವವರು ಮದುವೆ ಮನೆಗೆ ಬಂದು ಬರೀ ಉಂಡು ಹೋಗುವವರು. ತಳ್ಳುವವರೇ ಮನೆ ಮಕ್ಕಳು.

"ಟೈಟ್ ಎಂಡ್ ಅಂದ್ರೆ ಅವಮಾನ ಏನಿದೆ ಅದರಲ್ಲಿ?" ಎಂದು ಅವನು ಅಂದೂ ಬೆಳಗಿನ ಜಾವದ ಐದಕ್ಕೇ ಶುರು ಮಾಡಿದ. "ನಾನು ನಿನಗೆ ಕಲಿಸಿದ್ದು ಅದೇ ಕಣೋ."

"ಅವಮಾನ ಅಂದಿಲ್ಲ ಅಪ್ಪ. ಐವತ್ತು ಲಕ್ಷ ಕಮ್ಮಿ ಅಂದೆ."

"ಎಪ್ಪತ್ತು ಲಕ್ಷದಲ್ಲಿ ಒಬ್ಬ ಮನುಷ್ಯ ಹೊಟ್ಟೆ ತುಂಬಾ ತಿನ್ನೋಕಾಗಲ್ವಾ?"

"ಇವನು ತಿನ್ನೋದು ನೋಡಿದ್ರೆ ಆಗಲ್ಲ ಅನ್ಸುತ್ತೆ" ಎಂದಳು ಕ್ಲಿಯೋಫಸ್‌ನ ತಾಯಿ ಮಿಸ್ ಒಜೀಲಿಯಾ. ಎಂಬತ್ತನಾಲ್ಕು ವರ್ಷದ ಮುದುಕಿಗೆ ಕಿವಿ ಮಂದ ಎಂದು ಮನೆಯವರೆಲ್ಲ ನಂಬಿದ್ದರು. ಅವಳಿಗೆ ಅದರಿಂದ ಬಹಳ ಅನುಕೂಲವಾಗಿತ್ತು.

ವರ್ಲೀನ್ ನಗುತ್ತಾ ಕೈ ಒರೆಸಿಕೊಂಡು ಕೆಲಸಕ್ಕೆ ಹೊರಟಳು. ಅವಳು ಊರಿನ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷದಿಂದ ಇದ್ದಳು. ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಮಧ್ಯಾಹ್ನದ ಊಟವಿತ್ತು. ಕಾಗದದಲ್ಲಿ ಅವಳು ಎರಡನೇ ದರ್ಜೆಯ ಸಹಾಯಕಿ. ಆರು ವರ್ಷದ ಹಿಂದೆ ಮೇಲ್ವಿಚಾರಕಿ ನಿವೃತ್ತಳಾದಾಗ, ಹೊಸಬರು ಬರುವ ತನಕ ಸ್ವಲ್ಪ ನೋಡಿಕೊಳ್ಳಮ್ಮ ಎಂದಿದ್ದರು. ಅವಳು ನೋಡಿಕೊಳ್ಳುತ್ತಲೇ ಇದ್ದಳು. ಹೊಸಬರು ಇನ್ನೂ ಬರುತ್ತಲೇ ಇದ್ದರು.

ಪಂಚಾಯಿತಿಗೆ ಹತ್ತು ದಿನವಿರುವಾಗ ಪ್ರುಯಿಟ್‌ನ ಫೋನು ಬಂತು. ಡಾಂಟ್ರೆಲ್ ಹಿತ್ತಲಲ್ಲಿ ನಿಂತು ಮಾತಾಡಿ, ಒಳಗೆ ಬಂದು, ಊಟದ ಮೇಜಿನ ಮೇಲೆ ಫೋನಿಟ್ಟ. ತಂಡದ ವಕೀಲರು ಸಲ್ಲಿಸಲಿದ್ದ ಸಾಕ್ಷ್ಯಗಳಲ್ಲಿ ಒಂದು ಅದರ ಪರದೆಯ ಮೇಲಿತ್ತು. ವರ್ಲೀನ್ ಕನ್ನಡಕ ಹಾಕಿಕೊಂಡು ನೋಡಿದಳು, ನೋಡಿದ ಕೂಡಲೇ ಗುರುತು ಸಿಕ್ಕಿತು. ಅವರ ಚರ್ಚಿನ ಪುರುಷರ ಭಾನುವಾರದ ಪುಸ್ತಿಕೆ, ಇಪ್ಪತ್ತಮೂರನೇ ಪುಟ.

ಪ್ರತಿ ಅಕ್ಟೋಬರಿನಲ್ಲಿ ಚರ್ಚಿನ ಮನೆತನಗಳು ಆ ಪುಸ್ತಿಕೆಯಲ್ಲಿ ದುಡ್ಡು ಕೊಟ್ಟು ಪುಟ ಹಿಡಿಯುತ್ತಿದ್ದವು. ತೀರಿಕೊಂಡವರ ನೆನಪಿಗೆ ಕೆಲವರು, ಡಿಗ್ರಿ ಮುಗಿಸಿದ ಮಗಳಿಗೆ ಕೆಲವರು, ಹೆಣ ಸಾಗಿಸುವ ಅಂಗಡಿಯವರು ಕೊನೆಯ ಪುಟದಲ್ಲಿ ಎಲ್ಲರಿಗೂ ಶುಭ ಕೋರುತ್ತಿದ್ದರು. ಹೋದ ವರ್ಷ ಕ್ಲಿಯೋಫಸ್ ನೂರು ಡಾಲರ್ ತೆತ್ತು ಪೂರ್ತಿ ಪುಟ ಹಿಡಿದಿದ್ದ. ಮಗನ ಫೋಟೋ, ಕೆಳಗೆ ಹೀಗೆ: "ನಮ್ಮ ಡಾಂಟ್ರೆಲ್. ದೇಶದ ಅತ್ಯುತ್ತಮ ಟೈಟ್ ಎಂಡ್. ಅವನು ಯಾವತ್ತೂ ಟೈಟ್ ಎಂಡೇ, ಬಟ್ಟೆ ಕೊಳೆಯಾಗದ ಆ ಇನ್ನೊಂದು ಜಾತಿಯಲ್ಲ. ಇಂತಿ, ಹೆಮ್ಮೆಯ ತಂದೆ." ಚರ್ಚಿನವರು ಪುಸ್ತಿಕೆಯನ್ನು ಇಂಟರ್‌ನೆಟ್ಟಿಗೂ ಏರಿಸಿದ್ದರು. 'ಯಾವತ್ತೂ' ಎಂಬ ಮಾತಿನ ಕೆಳಗೆ ತಂಡದ ವಕೀಲರು ಕೆಂಪು ಗೆರೆ ಎಳೆದಿದ್ದರು.

ಆ ಪುಟದ ಕಾಗುಣಿತ ತಿದ್ದಿದ್ದವಳು ವರ್ಲೀನ್. ಅದನ್ನು ಈಗ ಹೇಳುವ ಅಗತ್ಯವಿಲ್ಲ ಎಂದು ಅವಳಿಗೆ ಅನ್ನಿಸಿತು.

"ಅಪ್ಪ," ಎಂದ ಡಾಂಟ್ರೆಲ್, "ನನ್ನ ವಿರುದ್ಧದ ಸಾಕ್ಷಿಗಳಲ್ಲಿ ನೀವೇ ಮೊದಲನೆಯವರು."

"ಚರ್ಚಿನ ಪುಸ್ತಕದಲ್ಲಿ ಸುಳ್ಳು ಬರೀಬೇಕಿತ್ತಾ?"

"ಏನೂ ಬರೀದೇ ಇರಬಹುದಿತ್ತು."

ಅಷ್ಟಕ್ಕೇ ನಿಲ್ಲಲಿಲ್ಲ. ಎಂಟು ವರ್ಷದವನಿದ್ದಾಗ ಹಿತ್ತಲಲ್ಲಿ ಹುಲ್ಲಿನ ಮೂಟೆ ತಳ್ಳಿಸಿದ್ದು, ಸೋಮವಾರ ಸೋಮವಾರ ಫೋನು ಮಾಡಿ ಹಿಡಿದ ಚೆಂಡಿನ ಬಗ್ಗೆ ಒಂದು ಮಾತಾಡದೆ ತಪ್ಪಿದ ತಳ್ಳಾಟಗಳನ್ನೇ ಎಣಿಸಿದ್ದು, ಎಲ್ಲ ಹೊರಗೆ ಬಂತು. ಕ್ಲಿಯೋಫಸ್ ತಟ್ಟೆ ಎತ್ತಿಕೊಂಡು ವರಾಂಡಕ್ಕೆ ಹೋದ. ಅಂದಿನಿಂದ ಮನೆಯಲ್ಲಿ ಎರಡು ಪಂಕ್ತಿ. ಮಗ ಆರು ಗಂಟೆಗೆ, ಅಪ್ಪ ಏಳಕ್ಕೆ. ಒಂದೇ ಗಂಬೋ ಸಾರನ್ನು ವರ್ಲೀನ್ ಎರಡು ಸಲ ಬಿಸಿ ಮಾಡಬೇಕಾಯಿತು, ಎರಡನೇ ಸಲಕ್ಕೆ ಸಿಗಡಿಯೆಲ್ಲ ರಬ್ಬರಾಗುತ್ತಿತ್ತು. ಮಿಸ್ ಒಜೀಲಿಯಾ ಮಾತ್ರ ಯಾರಿಗೂ ಬೇಸರವಾಗಬಾರದೆಂದು ಎರಡೂ ಪಂಕ್ತಿಯಲ್ಲಿ ಕೂತು ಉಂಡಳು.

ವರ್ಲೀನ್‌ಗೆ ಐವತ್ತು ಲಕ್ಷ ಹೋದರೆ ಹೋಗಲಿ ಅನ್ನಿಸುತ್ತಿತ್ತು. ಆದರೆ ಈ ತೀರ್ಪು ಮಗನ ವಿರುದ್ಧ ಬಂದರೆ ಅಪ್ಪನೇ ಸೋಲಿಸಿದ ಎಂಬ ಮಾತು ಜನ್ಮಕ್ಕೆ ಉಳಿದುಬಿಡುತ್ತದೆ, ಆಮೇಲೆ ಈ ಮೇಜಿಗೆ ಇಬ್ಬರೂ ಒಟ್ಟಿಗೆ ಬರುವುದಿಲ್ಲ. ಆ ಹೆದರಿಕೆ ಅವಳನ್ನು ಬಿಡಲಿಲ್ಲ.

ಮನೆಯಲ್ಲಿ ಮುಖ ಊದಿಸಿಕೊಂಡು ಕೂರುವ ಬದಲು ನನ್ನ ಜೊತೆ ಬಾ ಎಂದು ಅವಳು ಮಗನನ್ನು ಶಾಲೆಯ ಅಡುಗೆಮನೆಗೆ ಕರೆದುಕೊಂಡು ಹೋದಳು. ಟಿವಿಯಲ್ಲಿ ಕಾಣುವವನು ಬಂದನೆಂದು ಮಕ್ಕಳು ಕುಣಿದಾಡಿದರು. ಅಲ್ಲಿನ ಇನ್ನೊಬ್ಬ ಸಹಾಯಕಿ ಲರ್ಲೀನ್ ಅವನ ಕೈಗೆ ಆಲೂಗಡ್ಡೆ ಸುಲಿಯುವ ಚಾಕು ಕೊಟ್ಟಳು. ಅವನ ಅಂಗೈಯಲ್ಲಿ ಆಲೂಗಡ್ಡೆ ನೆಲ್ಲಿಕಾಯಿಯ ಹಾಗೆ ಕಾಣುತ್ತಿತ್ತು. ಮೂರು ದಿನ ಸುಲಿದ ಮೇಲೆ ಅವನು ಅಮ್ಮನನ್ನೇ ನೋಡುತ್ತಾ ಕೂತ.

"ಅಮ್ಮ, ನಿನ್ನ ಕೆಲಸ ಕಾಗದದಲ್ಲಿ ಏನು?"

"ಸಹಾಯಕಿ. ಪಾತ್ರೆ ತೊಳೆಯೋದು, ಬಡಿಸೋದು, ಒರೆಸೋದು."

"ಮೂರು ದಿನದಿಂದ ನೀನು ತೊಟ್ಟಿಯ ಹತ್ತಿರಕ್ಕೇ ಹೋಗಿಲ್ಲ."

ಹೋಗಲು ಅವಳಿಗೆ ಪುರುಸೊತ್ತೆಲ್ಲಿತ್ತು? ಬೆಳಿಗ್ಗೆ ಐದೂವರೆಗೆ ಬೀಗ ತೆಗೆಯಬೇಕು, ಲಾರಿಯವನ ಹತ್ತಿರ ಕೋಳಿ ತೂಕ ಹಾಕಿಸಬೇಕು, ವಾರದ ಊಟದ ಪಟ್ಟಿ ಬರೆಯಬೇಕು, ಒಲೆಯ ಮುಂದೆ ನಿಂತು ಮುನ್ನೂರ ನಲವತ್ತು ಮಕ್ಕಳ ಉಪ್ಪು ಖಾರ ನೋಡಬೇಕು, ಯಾವ ಮಗುವಿಗೆ ಶೇಂಗಾ ಆಗದು, ಯಾವುದಕ್ಕೆ ಹಾಲು ಆಗದು ಎಂದು ನೆನಪಿಟ್ಟುಕೊಳ್ಳಬೇಕು. ಡಾಂಟ್ರೆಲ್ ಎದ್ದು ತೊಟ್ಟಿಯಿಂದ ಒಲೆಯ ತನಕ ತನ್ನ ಉದ್ದನೆಯ ಹೆಜ್ಜೆಯಲ್ಲಿ ಅಳೆದ. ಆರು ಗಜ.

"ನನ್ನ ಕೇಸಿನಲ್ಲಿ ನಾಲ್ಕು ಗಜ ಲೆಕ್ಕ. ಸಾಲಿನ ಕೊನೆಯವನಿಂದ ನಾಲ್ಕು ಗಜದ ಒಳಗೆ ನಿಂತಿದ್ರೆ ಟೈಟ್ ಎಂಡ್ ಅಂತಾರೆ ಅವರು. ನೀನು ಆರು ಗಜ ಆಚೆ ನಿಂತಿದ್ದೀಯ. ನನಗಿಂತ ನಿನ್ನ ಕೇಸೇ ಗಟ್ಟಿ."

"ಹೋಗೋ, ಆಲೂಗಡ್ಡೆ ನೋಡು" ಎಂದಳು ವರ್ಲೀನ್. ಆದರೆ ಮರುದಿನದಿಂದ ಅವನು ಮೈದಾನದ ಆಟ ಬರೆಯುವ ಪುಸ್ತಕದಲ್ಲಿ ಅಡುಗೆಮನೆಯ ನಕ್ಷೆ ಬರೆದು, ಗಂಟೆಗಂಟೆಗೂ ಅಮ್ಮ ಎಲ್ಲಿ ನಿಂತಿದ್ದಾಳೆಂದು ಗುರುತು ಹಾಕತೊಡಗಿದ. ಲರ್ಲೀನ್‌ಗೆ ತ್ರಿಕೋನ, ಅಮ್ಮನಿಗೆ ಸೊನ್ನೆ. ಒಲೆಯ ಮುಂದೆ ಸೊನ್ನೆಗಳು ದ್ರಾಕ್ಷಿಗೊಂಚಲಿನ ಹಾಗೆ ತುಂಬಿದವು.

ಪಂಚಾಯಿತಿಯ ದಿನ ತಂಡದವರು ಕ್ಲಿಯೋಫಸ್‌ನನ್ನೇ ಸಾಕ್ಷಿಗೆ ಕರೆದರು. ಅವನು ಚರ್ಚಿನ ಕಪ್ಪು ಸೂಟು ಹಾಕಿಕೊಂಡು ಹೊರಟ. ಕಾರಿನಲ್ಲಿ ಎರಡು ಗಂಟೆಯ ದಾರಿ. ಅಪ್ಪ ಮುಂದೆ, ಮಗ ಹಿಂದೆ, ಇಬ್ಬರ ಮಾತೂ ವರ್ಲೀನ್‌ಳ ಮೂಲಕವೇ. ಎ.ಸಿ. ಜಾಸ್ತಿ ಮಾಡಲು ಹೇಳು ಎಂದು ಮಗ ಅವಳಿಗೆ, ಸಾಕು ಎಂದು ಹೇಳು ಎಂದು ಅಪ್ಪ ಅವಳಿಗೆ. ಹೋಟೆಲಿನ ಸಭಾಂಗಣದೊಳಗೆ ಅವಳನ್ನು ಬಿಡಲಿಲ್ಲ. ಕೋಳಿ ಹುರಿದು ತುಂಬಿಸಿದ್ದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅವಳು ಹೊರಗೇ ಕೂತು ದೇವರನ್ನು ನೆನೆದಳು.

ಒಳಗೆ ಏನಾಯಿತೆಂದು ಅವಳಿಗೆ ತಿಳಿದದ್ದು ಸಂಜೆ, ಮನೆಯ ಮೇಜಿನಲ್ಲಿ. ಹೋದಾಗ ಗುಮ್ಮನ ಹಾಗೆ ಹೋದ ಮಗ ಬರುವಾಗ ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನು ನಗುತ್ತಿದ್ದ. ಆರು ಗಂಟೆಗೆ ಕೂತವನು ಏಳಾದರೂ ಏಳಲಿಲ್ಲ. ಅಪ್ಪ ಬಂದು ಕೂತ ಮೇಲೆ, ಅಜ್ಜಿಯ ಕಡೆ ತಿರುಗಿ ಶುರು ಮಾಡಿದ.

"ಅಜ್ಜಿ, ಆ ವಕೀಲ ಚರ್ಚಿನ ಪುಸ್ತಕ ಎತ್ತಿ ಹಿಡಿದು ಕೇಳ್ದ. ಮಿಸ್ಟರ್ ಗಿಲ್ಲೊರಿ, ಬೈಬಲ್ ಮುಟ್ಟಿ ಹೇಳಿ, ನಿಮ್ಮ ಮಗ ಟೈಟ್ ಎಂಡ್ ಹೌದೋ ಅಲ್ಲವೋ ಅಂತ. ಅಪ್ಪ ಏನಂದ್ರು ಗೊತ್ತಾ? ಹೌದು ಸಾರ್ ಅಂದ್ರು."

ಮಿಸ್ ಒಜೀಲಿಯಾ ಮಗನನ್ನು ನೋಡಿದಳು. ಕ್ಲಿಯೋಫಸ್ ತಟ್ಟೆ ನೋಡಿಕೊಂಡ.

"ಪ್ರುಯಿಟ್ ತಲೆ ಮೇಲೆ ಕೈ ಹೊತ್ತುಕೊಂಡ. ವಕೀಲ ಸಾಕು ಅಂತ ಕೂತ್ಕೊಳ್ಳೋಕೆ ಹೋದ. ಅಪ್ಪ ಬಿಡ್ಲಿಲ್ಲ. ಇನ್ನೂ ಮುಗಿದಿಲ್ಲ ಸಾರ್, ನಿಂತ್ಕೊಳ್ಳಿ ಅಂದ್ರು. ಹುಡುಗರಿಗೆ ಹೇಳ್ತಾರಲ್ಲ, ಆ ದನಿಯಲ್ಲಿ. ಅವನು ನಿಂತೇಬಿಟ್ಟ."

ಡಾಂಟ್ರೆಲ್ ಎದ್ದು, ಇಲ್ಲದ ಟೈ ಸರಿಮಾಡಿಕೊಂಡು, ಅಪ್ಪನ ಹಾಗೆಯೇ ಎದೆ ಉಬ್ಬಿಸಿ ನಿಂತ. "ನಾನು ಬೆಳೆಸಿದ್ದು ಟೈಟ್ ಎಂಡ್. ನೀವು ಕೊಂಡುಕೊಂಡದ್ದೂ ಟೈಟ್ ಎಂಡ್. ಆದ್ರೆ ಮೂರು ವರ್ಷದಿಂದ ನಾನು ದುರ್ಬೀನು ಹಿಡ್ಕೊಂಡು ನಿಮ್ಮ ಮೈದಾನಕ್ಕೆ ಬರ್ತಿದ್ದೀನಿ. ನಾನು ನಿಲ್ಲಿಸಿದ ಜಾಗದಲ್ಲಿ ನನ್ನ ಮಗ ಇರಲ್ಲ. ಹುಡುಕಿದ್ರೆ ಆಚೆ ನೀರು ಕೊಡೋರ ಪಕ್ಕ ನಿಂತಿರ್ತಾನೆ. ಮೂರು ವರ್ಷದಿಂದ ನನಗೆ ಹೊಟ್ಟೆ ಉರಿದಿದೆ. ನಾನು ಕಲಿಸಿದ್ದು ಒಂದು, ನೀವು ಮಾಡಿಸಿಕೊಂಡದ್ದು ಇನ್ನೊಂದು. ಕೂಲಿ ಕೊಡೋದು ಕಲಿತ ಕೆಲಸಕ್ಕಲ್ಲ ಸಾರ್, ಮಾಡಿಸಿಕೊಂಡ ಕೆಲಸಕ್ಕೆ."

ಮಿಸ್ ಒಜೀಲಿಯಾ ಚಮಚದಿಂದ ಮೇಜು ಬಡಿದಳು. ತೀರ್ಪುಗಾರರು ಕನ್ನಡಕ ತೆಗೆದು ಬಾಯಿ ಒರೆಸಿಕೊಂಡರೆಂದೂ, ಅದು ನಗು ಮುಚ್ಚಿಕೊಳ್ಳಲಿಕ್ಕೇ ಎಂದೂ ಡಾಂಟ್ರೆಲ್ ಆಣೆ ಮಾಡಿ ಹೇಳಿದ. ಅಪ್ಪನಿಗೆ ಮೆಕ್ಕೆಜೋಳದ ಬ್ರೆಡ್ಡಿನ ತಟ್ಟೆಯನ್ನು ತಾನೇ ಸರಿಸಿದ. ಕ್ಲಿಯೋಫಸ್ ಒಂದು ತುಂಡು ತೆಗೆದುಕೊಂಡ, ತಿನ್ನಲಿಲ್ಲ.

"ಆದರೂ ಹೌದು ಸಾರ್ ಅಂದೆನಲ್ಲ" ಎಂದ ಮೆಲ್ಲಗೆ.

ಪಾತ್ರೆ ತೊಳೆಯುವಾಗ, ಕೂಲಿ ಮಾಡಿಸಿಕೊಂಡ ಕೆಲಸಕ್ಕೆ ಎಂಬ ಗಂಡನ ಮಾತು ವರ್ಲೀನ್ ತಲೆಯಲ್ಲಿ ತಿರುಗುತ್ತಿತ್ತು. ಕೈ ಒರೆಸಿಕೊಂಡು ಹೋಗಿ ಕಪಾಟಿನ ಕೆಳಗಿನ ಸೆಳೆಖಾನೆಯಿಂದ ತನ್ನ ನೇಮಕದ ಕಾಗದ ಹುಡುಕಿ ತೆಗೆದಳು. ಗಂಟೆಗೆ ಹನ್ನೊಂದು ಡಾಲರ್ ನಲವತ್ತು ಸೆಂಟ್. ಅದನ್ನು ಮಗನ ನಕ್ಷೆಯ ಪುಸ್ತಕದೊಳಗೆ ಇಟ್ಟಳು.

ಜುಲೈ ಎರಡಕ್ಕೆ ತೀರ್ಪು ಬಂತು. ಸೋಲು. ದೂರ ನಿಂತಂತೆ ಕಂಡ ಎಷ್ಟೋ ಆಟಗಳಲ್ಲಿ ಡಾಂಟ್ರೆಲ್ ನಾಲ್ಕು ಗಜದ ಒಳಗೇ ಇದ್ದನಂತೆ. ತೀರ್ಪುಗಾರರು ಅಳತೆಪಟ್ಟಿ ಹಿಡಿದು ಅಳೆದಿದ್ದರು. ಇಪ್ಪತ್ತೊಂದು ಪುಟದ ಕಾಗದದಲ್ಲಿ ಚರ್ಚಿನ ಪುಸ್ತಿಕೆಯ ಮಾತೇ ಇರಲಿಲ್ಲ. ಡಾಂಟ್ರೆಲ್ ಅದನ್ನು ಮೂರು ಸಲ ಹೇಳಿದ, ಕ್ಲಿಯೋಫಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ಎರಡು ಮಾತಿಗೆ ಐವತ್ತು ಲಕ್ಷ ಹೋಯಿತೆಂದು ನಿಶ್ಚಯ ಮಾಡಿಕೊಂಡಿದ್ದ. ಅಂದು ಸೋಮವಾರ, ಆ ಊರಿನ ಮನೆಮನೆಯಲ್ಲೂ ಸೋಮವಾರಕ್ಕೆಂದೇ ಮಾಡುವ ಕೆಂಪು ಕಾಳು ಅನ್ನ ಹಾಗೇ ಉಳಿಯಿತು. ನಲವತ್ತು ವರ್ಷದಲ್ಲಿ ಅವನು ಸೋಮವಾರ ಉಣ್ಣದೆ ಎದ್ದದ್ದು ಅವನ ಅಪ್ಪ ತೀರಿಕೊಂಡಾಗ ಮಾತ್ರ. ವರ್ಲೀನ್‌ಗೆ ಕಣ್ಣು ತುಂಬಿ ಬಂತು.

ಮರುದಿನದಿಂದ ಶಾಲೆಯ ಅಡುಗೆಮನೆಗೆ ಸ್ವಾತಂತ್ರ್ಯ ದಿನದ ರಜೆ. ಬೆಳಿಗ್ಗೆ ಅವಳು ಕಿಟಕಿಯ ಹತ್ತಿರ ಅವರೆಯಂಥ ಬೆಣ್ಣೆಕಾಳು ಸುಲಿಯುತ್ತಾ ಕೂತಿದ್ದಾಗ, ಡಾಂಟ್ರೆಲ್ ಅಪ್ಪನ ಹಳೆಯ ಪಿಕಪ್ ಗಾಡಿಯ ಹಿಂದೆ ಹೋಗಿ ನಿಂತದ್ದು ಕಂಡಿತು. ಕ್ಲಿಯೋಫಸ್ ವರಾಂಡದಲ್ಲಿ ಕೂತಿದ್ದ.

"ಅಪ್ಪ, ಬಂದು ಸ್ಟೇರಿಂಗ್ ಹಿಡೀರಿ."

"ಯಾಕೆ?"

"ಟೈಟ್ ಎಂಡ್ ಅಂತ ಬರೆದ ಮೇಲೆ ತಳ್ಳೋಕೆ ಬರಬೇಕಲ್ಲ. ಮೂರು ವರ್ಷ ನೀರು ಕೊಡೋರ ಪಕ್ಕ ನಿಂತು ಮರೆತುಹೋಗಿದೆ. ಕಲಿಸಿಕೊಡಿ."

ಕ್ಲಿಯೋಫಸ್ ಎದ್ದು, ಗಾಡಿ ಹತ್ತಿ, ಗೇರು ತಪ್ಪಿಸಿ, ಬ್ರೇಕನ್ನು ಅರ್ಧ ಒತ್ತಿ ಹಿಡಿದ. ಮಗ ಭುಜ ಕೊಟ್ಟು ತಳ್ಳಿದ. ಗಾಡಿ ಒಂದು ಮಾರು ಮುಂದಕ್ಕೆ ಹೋಯಿತು. ಸೊಂಟ ಮೇಲಿದೆ, ಇಳಿಸು ಎಂದು ಕ್ಲಿಯೋಫಸ್ ಕಿಟಕಿಯಿಂದ ತಲೆ ಹೊರಹಾಕಿ ಬೈದ. ಹೆಜ್ಜೆ ಚಿಕ್ಕದಾಗಿಡು, ನಿನ್ನಜ್ಜಿ ಇದಕ್ಕಿಂತ ಚೆನ್ನಾಗಿ ತಳ್ಳುತ್ತಾಳೆ ಎಂದ. ಬೈಗುಳದಲ್ಲಿ ಹುರುಪು ಬಂದಿತ್ತು. ಅರ್ಧ ಗಂಟೆಯಲ್ಲಿ ಗಾಡಿ ಹಿತ್ತಲು ದಾಟಿ ಮಿಸ್ ಒಜೀಲಿಯಾಳ ಬೆಂಡೆಕಾಯಿ ಮಡಿಯೊಳಗೆ ಹೊಕ್ಕಿತು. ಮುದುಕಿ ಕೋಲು ಹಿಡಿದು ಇಬ್ಬರನ್ನೂ ಅಟ್ಟಿಸಿಕೊಂಡು ಬಂದಳು. ಅಂದು ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಹಿಂದಿನ ದಿನದ ಕೆಂಪು ಕಾಳನ್ನೂ ಸೇರಿಸಿ ಪಾತ್ರೆ ಖಾಲಿ ಮಾಡಿದರು. ವರ್ಲೀನ್ ಒಂದೇ ಸಲ ಬಿಸಿ ಮಾಡಿದ್ದಳು.

ಮುದ್ರೆ ಬಿದ್ದವನಿಗೆ ಹಲವು ವರ್ಷದ ಕರಾರು ಮಾಡಿಕೊಳ್ಳಲು ಜುಲೈ ಹದಿನೈದು ಕಡೇ ದಿನ. ಅಂದು ಸಂಜೆಯ ಗಡುವಿಗೆ ಒಂದು ಗಂಟೆ ಉಳಿದಿರುವಾಗ ಪ್ರುಯಿಟ್ ಫೋನು ಮಾಡಿದ. ಕೇಸು ಗೆದ್ದ ತಂಡದವರಿಗೆ ಡಾಂಟ್ರೆಲ್ ಇಲ್ಲದೆ ತರಬೇತಿ ಶುರುವಾಗುವುದು ಬೇಕಿರಲಿಲ್ಲ. ಮೂರು ವರ್ಷಕ್ಕೆ ಕರಾರು, ವರ್ಷಕ್ಕೆ ಒಂದು ಕೋಟಿ ಹತ್ತು ಲಕ್ಷ. ಒಂದೇ ಷರತ್ತು, ಕಾಗದದಲ್ಲಿ ಟೈಟ್ ಎಂಡ್ ಅಂತಲೇ ಇರುತ್ತದೆ.

ಡಾಂಟ್ರೆಲ್ ಫೋನಿಗೆ ಕೈ ಅಡ್ಡ ಹಿಡಿದು ಮೇಜಿನ ಸುತ್ತ ನೋಡಿದ. ಎಲ್ಲರಿಗಿಂತ ಮೊದಲು ಬಾಯಿಬಿಟ್ಟವಳು ಕಿವಿ ಕೇಳದ ಅಜ್ಜಿ.

"ಹೆಸರು ಅವರಿಟ್ಟುಕೊಳ್ಳಲಿ, ದುಡ್ಡು ನಾವಿಟ್ಟುಕೊಳ್ಳೋಣ."

ಅಂದು ಬೀದಿಯವರೆಲ್ಲ ಬಂದರು. ಹಿತ್ತಲಲ್ಲಿ ಹಂಡೆಯಿಟ್ಟು ಏಡಿ, ಮೆಕ್ಕೆಜೋಳದ ತೆನೆ, ಆಲೂಗಡ್ಡೆ ಬೇಯಿಸಿ ಹಳೆಯ ಪತ್ರಿಕೆಗಳ ಮೇಲೆ ಸುರಿದರು. ಆಲೂಗಡ್ಡೆ ಸುಲಿದದ್ದು ಕೋಟ್ಯಧೀಶ. ಕೋಳಿ ಸಾಕಿದ ಪಕ್ಕದ ಮನೆಯವರಿಗೆ ಅವನು ಹೊಸ ಗೂಡು ಕಟ್ಟಿಸಿಕೊಡುವ ಮಾತು ಕೊಟ್ಟ.

ತರಬೇತಿಗೆ ಹೊರಡುವ ಮುನ್ನ ಅವನು ನಕ್ಷೆಯ ಪುಸ್ತಕವನ್ನೂ ಅಮ್ಮನ ನೇಮಕದ ಕಾಗದವನ್ನೂ ಊರಿಗೆ ಬಂದಿದ್ದ ಪ್ರುಯಿಟ್‌ನ ಮುಂದಿಟ್ಟ. ಪ್ರುಯಿಟ್ ಒಂದು ಗಂಟೆ ಕೂತು ಶಾಲಾ ಮಂಡಳಿಗೆ ಎರಡು ಪುಟದ ಪತ್ರ ಬರೆದ. ಶುಲ್ಕವೆಂದು ಒಂದು ತಟ್ಟೆ ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿ ಪಡೆದ, ಇನ್ನೊಂದು ತಟ್ಟೆ ಮುಂಗಡ ಕೇಳಿದ. ವರ್ಲೀನ್ ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ ಸಹಿ ಹಾಕಿದಳು. ಹದಿನೆಂಟು ವರ್ಷದಲ್ಲಿ ಅವಳು ಏನನ್ನೂ ಕೇಳಿದವಳಲ್ಲ.

ಆಗಸ್ಟಿನಲ್ಲಿ ಮಂಡಳಿಯ ಅಧಿಕಾರಿ ಅವಳನ್ನು ಕರೆಸಿ, ನಗುನಗುತ್ತಾ ಹೊಸ ಬಿಲ್ಲೆಯೊಂದನ್ನು ಕೈಗೆ ಕೊಟ್ಟ. ಅಡುಗೆಮನೆ ಮೇಲ್ವಿಚಾರಕಿ ಎಂದು ಅದರ ಮೇಲೆ ಅಚ್ಚಾಗಿತ್ತು. ಸಂಬಳದ ಮಾತಿಗೆ, ಈ ವರ್ಷ ಕಷ್ಟ, ಮುಂದಿನ ವರ್ಷ ನೋಡೋಣ ಎಂದ. ವರ್ಲೀನ್ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟಳು.

"ನಮ್ಮತ್ತೆ ಒಂದು ಮಾತು ಹೇಳ್ತಾರೆ ಸಾರ್. ಹೆಸರು ನೀವಿಟ್ಕೊಳ್ಳಿ ಅಂತ."

ಶಾಲೆ ಶುರುವಾಗುವ ಸೋಮವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಮಕ್ಕಳು ಹಸಿದಿರಬಾರದೆಂದು ಬ್ರೆಡ್ಡು, ಚೀಸ್ ಎಲ್ಲಿದೆಯೆಂದು ಲರ್ಲೀನ್‌ಗೆ ಮೊದಲೇ ಹೇಳಿದ್ದಳು. ಹಾಲು ಆಗದ ಮಕ್ಕಳಿಗೆ ಬೇರೆ ಡಬ್ಬಿ ಕಟ್ಟಿಸಿದ್ದಳು. ಆದರೂ ಬೆಳಿಗ್ಗೆ ಐದೂವರೆಗೆ ಎಚ್ಚರವಾಗಿ, ಒಲೆಯನ್ನು ಮೂರು ಸಲ ಒರೆಸಿದಳು, ಕಪಾಟು ಜೋಡಿಸಿದಳು, ಒಂಬತ್ತಕ್ಕೆ ಫೋನಿನ ಕಡೆ ಕೈ ಚಾಚಿದಳು. ಮಿಸ್ ಒಜೀಲಿಯಾ ಅದನ್ನೆತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ಮೇಲೆ ಕಾಳಿನ ಬುಟ್ಟಿ ಇಟ್ಟಳು.

"ಇಂಥ ಹೊತ್ತಲ್ಲಿ ಫೋನು ನಾವು ಮಾಡಬಾರದು ಕಣಮ್ಮ. ಬರಬೇಕು."

"ಅತ್ತೆ, ಒಲೆ ಹಚ್ಚೋಕೆ ಯಾರಿಗೂ ಬರಲ್ಲ ಅಲ್ಲಿ."

"ಅದಕ್ಕೇ ಬರುತ್ತೆ."

ಹತ್ತೂಕಾಲಿಗೆ ಬುಟ್ಟಿಯ ಕೆಳಗೆ ಫೋನು ಬಡಿದುಕೊಂಡಿತು. ಕ್ಲಿಯೋಫಸ್ ಮೂರು ಬೆರಳೆತ್ತಿ, ಮೂರು ಸಲ ಬಡಿಯಲಿ ಎಂದು ಸನ್ನೆ ಮಾಡಿದ. ಮಂಡಳಿಯ ಅಧಿಕಾರಿಯೇ ಮಾತಾಡುತ್ತಿದ್ದ. ಲಾರಿಯವನು ಕೋಳಿ ಇಳಿಸಿ ಹೋಗಿದ್ದ, ಅದನ್ನು ತೂಕ ನೋಡಿ ಸಹಿ ಹಾಕುವವರಿಲ್ಲ. ಲರ್ಲೀನ್ ಮತ್ತು ಉಳಿದವರು ಒಲೆಯ ಕಡೆ ಹೋಗಲು ಒಪ್ಪುತ್ತಿಲ್ಲ, ಅದು ನಮ್ಮ ಜಾಗವಲ್ಲ ಎನ್ನುತ್ತಾ ತೊಟ್ಟಿಯ ಹತ್ತಿರವೇ ನಿಂತಿದ್ದಾರೆ. ಮುನ್ನೂರ ನಲವತ್ತು ಮಕ್ಕಳು ಸೋಮವಾರದ ಕೆಂಪು ಕಾಳು ಎಲ್ಲಿ ಎಂದು ಕೇಳುತ್ತಿದ್ದಾರೆ. ಮೇಲ್ವಿಚಾರಕಿಯ ಸಂಬಳ ಇಂದಿನಿಂದಲೇ ಎಂದ. ವರ್ಲೀನ್ ಸುಮ್ಮನಿದ್ದಳು. ಹೋದ ವರ್ಷದ ಬಾಕಿಯನ್ನೂ ಸೇರಿಸಿ ಎಂದ. ಅವಳು ಉತ್ತರ ಕೊಡದ್ದು ಜಾಣತನದಿಂದಲ್ಲ, ಮಗುಚಿದ ಬುಟ್ಟಿಯ ಕಾಳು ಬಾಚುತ್ತಿದ್ದಳು. ಎರಡು ವರ್ಷದ್ದು ಎಂದ.

"ಬರೆದು ಕಳಿಸಿ ಸಾರ್" ಎಂದಳು ವರ್ಲೀನ್. "ನಾಳೆ ಐದೂವರೆಗೆ ಬೀಗ ತೆಗೀತೀನಿ."

ಫೋನಿಟ್ಟು ಅವಳು ಅತ್ತಳು, ಅಳುತ್ತಲೇ ನಕ್ಕಳು. ಕ್ಲಿಯೋಫಸ್ ತಾನೇ ಕಾಫಿ ಮಾಡಿ ತಂದುಕೊಟ್ಟ. ಸಕ್ಕರೆ ಕಾರ್ಖಾನೆಯಲ್ಲಿ ಅಷ್ಟು ವರ್ಷ ದುಡಿದವನು ಅದಕ್ಕೆ ಸಕ್ಕರೆ ಹಾಕುವುದನ್ನೇ ಮರೆತಿದ್ದ.

ಸೆಪ್ಟೆಂಬರಿನ ಒಂದು ಭಾನುವಾರ ಊಟವಾದ ಮೇಲೆ ಅವನು ಚರ್ಚಿನ ಹೊಸ ಪುಸ್ತಿಕೆಗೆ ತುಂಬುವ ಕಾಗದವನ್ನು ಮೇಜಿನ ಮೇಲೆ ಹರಡಿದ. ಈ ಸಲ ಮಹಿಳೆಯರ ಭಾನುವಾರದ್ದು. ಪೂರ್ತಿ ಪುಟ ಹಿಡಿದಿದ್ದ, ವರ್ಲೀನ್‌ಳ ಫೋಟೋ ಆರಿಸಿಟ್ಟಿದ್ದ, ಒಲೆಯ ಮುಂದೆ ಸೌಟು ಹಿಡಿದದ್ದು. ಹೆಸರಿನ ಕೆಳಗೆ ಏನು ಬರೆಯಲಿ ಎಂದು ಪೆನ್ಸಿಲ್ ಎತ್ತಿದ ಕೂಡಲೇ, ಮೇಜಿನ ಮೇಲೆ ವಿಡಿಯೋ ಕರೆಯಲ್ಲಿದ್ದ ಫೋನಿನೊಳಗಿಂದ ಮಗನ ದನಿ ಬಂತು.

"ಅಪ್ಪ, ಪೆನ್ಸಿಲ್ ಕೆಳಗಿಡಿ. ಅಮ್ಮನ್ನ ಕೇಳದೆ ಒಂದಕ್ಷರ ಬರೀಬೇಡಿ."

ವರ್ಲೀನ್ ಎದ್ದು ಹೋಗಿ ಶುಕ್ರವಾರ ಬಂದಿದ್ದ ಸಂಬಳದ ಚೀಟಿ ತಂದು ಗಂಡನ ಮುಂದಿಟ್ಟಳು. ಗಂಟೆಗೆ ಹತ್ತೊಂಬತ್ತು ಡಾಲರ್. ಕೆಳಗೆ ಮಂಡಳಿಯ ಸಹಿ, ಮೇಲೆ ಅವಳ ಹುದ್ದೆ. ಕ್ಲಿಯೋಫಸ್ ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಕಾಪಿ ಮಾಡಿದ. ಆಮೇಲೆ ತಲೆಯೆತ್ತಿದ.

"ಅತ್ಯುತ್ತಮ ಮೇಲ್ವಿಚಾರಕಿ ಅಂತ ಹಾಕಲಾ?"

"ಹಾಕು ಕ್ಲಿಯೋ, ಸಂಕೋಚ ಯಾಕೆ" ಎಂದು ವರ್ಲೀನ್ ಅವನ ತಟ್ಟೆ ಎತ್ತಿಕೊಂಡಳು. "ಯಾವತ್ತೂ ಅಂತ ಮಾತ್ರ ಬರೀಬೇಡ. ಮುಂದಿನ ವರ್ಷ ಮಂಡಳಿಯವರ ಹತ್ತಿರ ಮತ್ತೆ ಮಾತಾಡೋದಿದೆ."